ಹಾಲಿನ ಲೆಕ್ಕಕ್ಕೆ ಎರಡು ಪರದೆ

ನಮ್ಮ ಮನೆಯ ಹಾಲಿನ ಲೆಕ್ಕ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲೇ, ಪೆನ್ಸಿಲ್ ಗೀಟುಗಳಾಗಿ ಮೂವತ್ತು ವರ್ಷಗಳಿಂದ ನಡೆದುಕೊಂಡು ಬಂದಿದೆ. ಒಂದು ಗೀಟೆಂದರೆ ಅರ್ಧ ಲೀಟರು, ಸೊನ್ನೆಯೆಂದರೆ ಹಾಲು ಬರಲಿಲ್ಲ, ಸೊನ್ನೆಯೊಳಗೆ ಚುಕ್ಕೆಯಿದ್ದರೆ ಬಂದ ಹಾಲು ಒಡೆಯಿತು ಎಂದರ್ಥ. ಇಷ್ಟು ಪಕ್ಕಾ ವ್ಯವಸ್ಥೆಯನ್ನು ಸುಧಾರಿಸುವ ದುರ್ಬುದ್ಧಿ ನನಗೆ ಹುಟ್ಟಿದ್ದಕ್ಕೆ, ಭಾವ ಸಿಂಗಪುರದಿಂದ ತಂದು, ಅವರ ಮಗ ಆಡಿ ಬೇಸತ್ತು ನಮ್ಮ ಮನೆಯಲ್ಲಿ ಬಿಟ್ಟುಹೋದ ನಿಂಟೆಂಡೊ 3ಡಿಎಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಎರಡು ಪರದೆಗಳ ಆಟದ ಯಂತ್ರ ಕಾರಣ.

ಹೊಟ್ಟೆಪಾಡಿಗೆ ನಾನು ಲೆಕ್ಕಪತ್ರ ಬರೆಯುವವನು. ರಾತ್ರಿ ಹತ್ತರ ಮೇಲೆ ಮಾತ್ರ ಪ್ರೋಗ್ರಾಮರ್. 2011ರಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರದ ಆನ್‌ಲೈನ್ ಆಟಗಳ ಸೇವೆ 2024ರ ಏಪ್ರಿಲ್‌ನಲ್ಲಿ ನಿಂತುಹೋಗಿದ್ದರೂ ಅದರೊಳಗಿನ ಬ್ರೌಸರ್ ಇನ್ನೂ ಜೀವ ಹಿಡಿದುಕೊಂಡಿರುವುದನ್ನು ಕಂಡು, ಮನೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿಕೊಂಡು ಹಾಲಿನ ಲೆಕ್ಕದ ವೆಬ್ ಆ್ಯಪ್ ಬರೆಯಲು ಕುಳಿತೆ. ಮೇಲಿನ ಪರದೆ 400 ಪಿಕ್ಸೆಲ್ ಅಗಲ, ಕೆಳಗಿನದು 320; ಆದರೆ ಬ್ರೌಸರಿನ ದೃಷ್ಟಿಯಲ್ಲಿ ಎರಡೂ ಸೇರಿ ಒಂದೇ ಪುಟ. ಹೀಗಾಗಿ ಕೆಳಗಿನ ಗುಂಡಿಗಳನ್ನೆಲ್ಲ ಎಡದಿಂದ 40 ಪಿಕ್ಸೆಲ್ ಒಳಕ್ಕೆ ಸರಿಸಿ ಕೂರಿಸಬೇಕು. ಆಮೇಲೂ ಪುಟ ಅತ್ತಿತ್ತ ಜಾರುವುದರಿಂದ, ಅಂಗಳಕ್ಕೆ ಓಡುವ ಮಗುವನ್ನು ಮತ್ತೆ ಮತ್ತೆ ಎತ್ತಿ ತಂದು ಚಾಪೆಯ ಮೇಲೆ ಕೂರಿಸುವ ಅಜ್ಜಿಯಂತೆ, ಅದನ್ನು ಕ್ಷಣಕ್ಷಣಕ್ಕೂ ಸ್ವಸ್ಥಾನಕ್ಕೆ ಎಳೆದು ತರುವ ಸಾಲೊಂದನ್ನು ಬರೆಯಬೇಕು.

ಮೊದಲ ರಾತ್ರಿ ಎರಡೂ ಪರದೆಗಳು ಹಾಲಿನಷ್ಟೇ ಬೆಳ್ಳಗಿದ್ದವು. ತಪ್ಪೇನೆಂದು ಹೇಳುವ ಒಂದು ಅಕ್ಷರವೂ ಅಲ್ಲಿ ಮೂಡದ ಕಾರಣ ವೈಫೈ ಪೆಟ್ಟಿಗೆಯ ಮೇಲೆ ಸಂಶಯಪಟ್ಟು ಅದನ್ನು ಆರಿಸಿ ಹಚ್ಚಿದೆ. ಒಳಕೋಣೆಯಲ್ಲಿ ಫೋನಿನಲ್ಲಿ ಪಂದ್ಯದ ಕೊನೆಯ ಓವರ್ ನೋಡುತ್ತಿದ್ದ ಅಪ್ಪ ಅಂದಿನಿಂದ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ರಾತ್ರಿ ತಿಳಿದದ್ದೇನೆಂದರೆ, ವೆಬ್ ಪುಟಗಳಿಗೆ ಪ್ರೋಗ್ರಾಂ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟಿಗೆ 2015ರಲ್ಲಿ ಸೇರಿದ 'ಲೆಟ್' ಎಂಬ ಪದವನ್ನೂ ಬಾಣದ ಗುರುತಿನ ಫಂಕ್ಷನ್‌ಗಳನ್ನೂ 2011ರ ಬ್ರೌಸರಿಗೆ ಉಣಬಡಿಸಿದ್ದು ನಾನೇ. ಅಂಥದ್ದು ಒಂದು ಕಂಡರೂ ಸಾಕು, ಅದು ಇಡೀ ಎಲೆಯನ್ನೇ ಮಡಚಿ ಎದ್ದುಬಿಡುತ್ತದೆ.

ಎಲ್ಲವನ್ನೂ ಹಳೆಯ 'ವಾರ್'ಗೆ ಬದಲಿಸಿದ ಮೇಲೆ ಪುಟವೇನೋ ತೆರೆದುಕೊಂಡಿತು. ಆದರೆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದ್ದರಿಂದ 'ಅರ್ಧ ಲೀಟರು' ಎಂದು ಬರೆದಲ್ಲೆಲ್ಲ ಖಾಲಿ ಚೌಕಗಳು ಸಾಲಾಗಿ ನಿಂತಿದ್ದವು. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, "ಇದೇನೋ, ಹಾಲಿನ ಲೆಕ್ಕ ಅಂದೆ, ಬರೀ ಕಿಟಕಿ ಬರೆದಿದ್ದೀಯಲ್ಲ?" ಎಂದರು. ಅಕ್ಷರಗಳನ್ನೆಲ್ಲ ಚಿತ್ರಗಳನ್ನಾಗಿ ಮಾಡಿ ಅಂಟಿಸಿದೆ. ಒಡೆದ ಹಾಲಿಗೆ ಗುಂಡಿ ಎಲ್ಲಿ ಎಂದು ಕೇಳಿದರು; ಅದನ್ನೂ ಸೇರಿಸಿದೆ.

ಅಷ್ಟರಲ್ಲಿ ಯಂತ್ರದ ಸ್ಟೈಲಸ್, ಅಂದರೆ ಪರದೆಯನ್ನು ಒತ್ತುವ ಕಡ್ಡಿ, ಕಳೆದುಹೋಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ದೋಸೆ ಹಿಟ್ಟು ಮೆತ್ತಿದ ಕೈಯಲ್ಲಿ ಅಮ್ಮ ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಹಿಡಿದು ಪರದೆಯನ್ನು ಒತ್ತುತ್ತಿದ್ದಾರೆ! ಫೋನಿನ ಪರದೆಗೆ ಬೆರಳೇ ಬೇಕು. ಇದರದ್ದು ಒತ್ತಡವನ್ನು ಗುರುತಿಸುವ ಪರದೆಯಾದ್ದರಿಂದ ಉಗುರು, ಚಮಚದ ಹಿಡಿ, ಊದುಬತ್ತಿಯ ಕಡ್ಡಿ, ಏನಾದರೂ ಆದೀತು. ನನ್ನ ಇಡೀ ಪ್ರಯೋಗದಲ್ಲಿ ಯಶಸ್ವಿಯಾದ ಭಾಗ ಇದೊಂದೇ, ಅದೂ ನನ್ನದಲ್ಲ.

ತಿಂಗಳ ಕೊನೆಗೆ ಹಾಲಿನ ಹುಡುಗ ಬಂದಾಗ ನಾನು ಗತ್ತಿನಿಂದ 'ಒಟ್ಟು' ಎಂಬ ಗುಂಡಿಯನ್ನು ಒತ್ತಿದೆ. ಅರ್ಧ ಲೀಟರು ಎಂದು ತೋರಿಸಿತು. ಇಡೀ ತಿಂಗಳಿಗೆ. ಲೆಕ್ಕವನ್ನು ನಾನು ಇಟ್ಟದ್ದು ಕುಕಿಯಲ್ಲಿ, ಅಂದರೆ ಬ್ರೌಸರ್ ನೆನಪಿಗಾಗಿ ಇಟ್ಟುಕೊಳ್ಳುವ ಪುಟ್ಟ ಚೀಟಿಯಲ್ಲಿ. ಅವಧಿ ನಮೂದಿಸದ ಕುಕಿ ಬ್ರೌಸರ್ ಮುಚ್ಚಿದೊಡನೆ ಅಳಿಸಿಹೋಗುತ್ತದೆ ಎಂಬುದು ಪುಸ್ತಕದ ಮೊದಲ ಪಾಠಗಳಲ್ಲೇ ಇರುವ ಸಂಗತಿ, ಮತ್ತು ಆ ಅವಧಿಯನ್ನು ನಮೂದಿಸಲು ಮರೆತದ್ದು ನಾನು. ಅಮ್ಮ ಏನೂ ಹೇಳದೆ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದರು. ದಿನವೂ ಕಡ್ಡಿಯಿಂದ ಒತ್ತಿದ ಮೇಲೆ ಪೆನ್ಸಿಲಿನಿಂದಲೂ ಗೀಟು ಎಳೆದಿದ್ದರು.

ಹುಡುಗ ಗೀಟುಗಳನ್ನು ಎಣಿಸಿ ದುಡ್ಡು ತೆಗೆದುಕೊಂಡು ಮೆಟ್ಟಿಲಿಳಿಯುತ್ತಿದ್ದವನು ತಿರುಗಿ ನಿಂತು, "ಅಣ್ಣ, ಅದರಲ್ಲಿ ಹಾವಿನ ಆಟ ಬರುತ್ತಾ?" ಎಂದು ಕೇಳಿದ. ಬರುವುದಿಲ್ಲ ಎಂದೆ. ಆದರೆ ಆ ಬ್ರೌಸರಿನಲ್ಲಿ ನನ್ನ ಪ್ರೋಗ್ರಾಮಿಗೆ ಕೇಳಿಸುವುದು ನಾಲ್ಕು ದಿಕ್ಕುಗಳ ಗುಂಡಿ ಮತ್ತು 'ಎ' ಗುಂಡಿ ಮಾತ್ರ. ಹಾವಿಗೆ ನಾಲ್ಕು ದಿಕ್ಕುಗಳೇ ಸಾಕಲ್ಲವೇ? ಆ ರಾತ್ರಿ ಹತ್ತಕ್ಕೆ, ಪಂದ್ಯವಿಲ್ಲವೆಂದು ಅಪ್ಪನನ್ನು ಕೇಳಿ ಖಚಿತಪಡಿಸಿಕೊಂಡು, ಲ್ಯಾಪ್‌ಟಾಪ್ ತೆರೆದೆ.