ಒಂದು ಬಿತ್ತಂತೆ, ಒಂದೂವರೆ ಕ್ವಿಂಟಾಲ್

ಹೆಬ್ರಿಯಿಂದ ಸೋಮೇಶ್ವರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಅಭಯಾರಣ್ಯದ ಅಂಚು. ಈ ಊರಿನಲ್ಲಿ ಕಾಡುಹಂದಿ ಹೊಡೆಯುವವರು ಒಬ್ಬರೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇಲೆ ನಮಗೆ ಅಷ್ಟು ಗೌರವ. ಆದರೆ ಕಳೆದ ಹತ್ತು ವರ್ಷಗಳಲ್ಲಿ ಯಾರೂ ಹೊಡೆಯದ ಹಂದಿಗಳ ತೂಕ ಕೇಳಿ ನೋಡಿ, ಇಲ್ಲಿನ ಚಿಕ್ಕ ಮಕ್ಕಳೂ ಕಿಲೋದ ಲೆಕ್ಕದಲ್ಲಿ ಹೇಳುತ್ತಾರೆ.

ಇದಕ್ಕೆಲ್ಲ ಕನ್ನಡ ವ್ಯಾಕರಣದ ಕೃಪೆ ಇದೆ. ಬೆಳಿಗ್ಗೆ ಆರೂವರೆಗೆ ಗೂಡಂಗಡಿಯ ಬೆಂಚಿಗೆ ಮೊದಲ ಚಹಾ ಬರುವ ಮೊದಲೇ ಸುದ್ದಿ ಬಂದು ಕುಳಿತಿರುತ್ತದೆ: “ನಿನ್ನೆ ರಾತ್ರಿ ಒಂದು ಬಿತ್ತಂತೆ.” ಹಲಸಿನ ಹಣ್ಣು ಬಿದ್ದ ಹಾಗೆ, ಅಡಿಕೆಯ ಹಾಳೆ ಬಿದ್ದ ಹಾಗೆ ಹಂದಿಯೂ ತಾನಾಗಿಯೇ ಬೀಳುತ್ತದೆ. ‘ಬಿತ್ತು’ ಎಂಬ ಕ್ರಿಯಾಪದಕ್ಕೆ ಕರ್ತೃ ಹಂದಿಯೇ ಆದ್ದರಿಂದ, ನಾಳೆ ಯಾರಾದರೂ ವಿಚಾರಣೆಗೆ ಬಂದರೂ ಹಿಡಿದುಕೊಂಡು ಹೋಗಬೇಕಾದದ್ದು ಅದನ್ನೇ. ಇನ್ನು ಕೊನೆಯಲ್ಲಿರುವ ‘ಅಂತೆ’ ಎಂಬ ಎರಡಕ್ಷರ, ಹೇಳಿದವನಿಗೆ ಸಿಕ್ಕ ನಿರೀಕ್ಷಣಾ ಜಾಮೀನು. ಹೀಗೆ ಅಪರಾಧವೂ ಆರೋಪಿಯೂ ಮಾಯವಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: “ಎಷ್ಟಿತ್ತಂತೆ?”

ಗೂಡಂಗಡಿಯಲ್ಲಿ ತೊಂಬತ್ತು ಕಿಲೋ ಇದ್ದ ಹಂದಿ ಹಾಲಿನ ಸೊಸೈಟಿ ತಲುಪುವಾಗ ನೂರಹತ್ತಾಗುತ್ತದೆ. ಒಂಬತ್ತರ ಬಸ್ ಹತ್ತಿ ಉಡುಪಿಯಲ್ಲಿ ಇಳಿಯುವ ಹೊತ್ತಿಗೆ ಒಂದೂವರೆ ಕ್ವಿಂಟಾಲ್. ಸತ್ತ ಮೇಲೆ ಇಷ್ಟು ವೇಗವಾಗಿ ಬೆಳೆಯುವ ಪ್ರಾಣಿ ಇನ್ನೊಂದಿಲ್ಲ.

ನಮ್ಮಲ್ಲಿ ತೂಕದ ವಿಷಯಕ್ಕೆ ಕೊನೆಯ ಮಾತು ಗುರಿಕಾರರದು. ಗುರಿಕಾರಿಕೆ, ಅಂದರೆ ಮುಖಂಡತನ, ಅವರ ಮನೆತನಕ್ಕೆ ಬಂದದ್ದಲ್ಲ, ನಾವೇ ಇಟ್ಟ ಅಡ್ಡಹೆಸರು. ಅವರ ಗುರಿಗೂ ಅದಕ್ಕೂ ಸಂಬಂಧ ಕಲ್ಪಿಸಬಾರದು. ರಾತ್ರಿ ತೋಟದಲ್ಲಿ ತಲೆಗೆ ಟಾರ್ಚು ಕಟ್ಟಿಕೊಂಡು ನಿಂತರೆ, ಹೊಳೆಯುವ ಎರಡು ಕಣ್ಣುಗಳ ನಡುವಿನ ಅಂತರ ನೋಡಿಯೇ ತೂಕ ಹೇಳುತ್ತೇನೆ ಎಂದು ಅವರು ಒಮ್ಮೆ ವಿವರಿಸಿದರು. ನಾಲ್ಕು ಬೆರಳಾದರೆ ಅರವತ್ತು ಕಿಲೋ, ಒಂದು ಗೇಣಾದರೆ ಕ್ವಿಂಟಾಲಿಗೆ ಮೇಲೆ. ಹಂದಿಯ ಕಣ್ಣು ಬೆಕ್ಕಿನ ಕಣ್ಣಿನಂತೆ, ಜಿಂಕೆಯ ಕಣ್ಣಿನಂತೆ ಬೆಳಕಿಗೆ ಹೊಳೆಯುವುದಿಲ್ಲವಲ್ಲ, ಆ ಹೊಳಪಿಗೆ ಬೇಕಾದ ಪದರವೇ ಅದರ ಕಣ್ಣಿನೊಳಗೆ ಇಲ್ಲ ಎಂದೆ. ಗುರಿಕಾರರು ನನ್ನನ್ನು ಕರುಣೆಯಿಂದ ನೋಡಿದರು. “ಸಣ್ಣದರದ್ದು ಹೊಳೆಯುವುದಿಲ್ಲ ಮಾರಾಯರೇ. ದೊಡ್ಡದರದ್ದು ಹೊಳೆಯುತ್ತದೆ.”

ಹಾಗೆಂದು ಅಂದಾಜಿಗೆ ದಾರಿಯೇ ಇಲ್ಲವೆಂದಲ್ಲ. ಕೆಸರಿನಲ್ಲಿ ಹೊರಳಾಡಿ ಎದ್ದ ಹಂದಿ ಅಡಿಕೆಯ ಮರಕ್ಕೆ ಮೈ ಉಜ್ಜುತ್ತದೆ. ಮರದ ಮೇಲೆ ಕೆಸರು ಎಷ್ಟು ಎತ್ತರಕ್ಕೆ ಮೆತ್ತಿದೆ ಎಂದು ನೋಡಿದರೆ ಹಂದಿಯ ಎತ್ತರ ಹೆಚ್ಚುಕಡಿಮೆ ಸಿಕ್ಕಿತು. ಬಲಿತ ಹಂದಿಯ ಭುಜ ಮೂರಡಿಯ ಆಸುಪಾಸು. ಇದು ಒಳ್ಳೆಯ ವಿಧಾನವೇ. ತೊಂದರೆ ಏನೆಂದರೆ ನಮ್ಮವರು ಇದನ್ನು ಅಳೆಯುವುದು ತಮ್ಮ ತೊಡೆಯಿಂದ. “ಇಲ್ಲಿಯವರೆಗೆ ಬರುತ್ತಿತ್ತು” ಎಂದು ತೊಡೆಯ ಮೇಲೆ ಕೈ ಇಡುತ್ತಾರೆ. ಎರಡನೆಯ ಸಲ ಹೇಳುವಾಗ ಕೈ ಸೊಂಟಕ್ಕೆ ಏರಿರುತ್ತದೆ. ಗೊರಸಿನ ಗುರುತೂ ಅಷ್ಟೇ. ಮುಂದೆ ಎರಡು ಗೊರಸು, ಹಿಂದೆ ಅಗಲಕ್ಕೆ ಚಾಚಿದ ಎರಡು ಸಣ್ಣ ಗುರುತು ಇದ್ದರೆ ಹಂದಿಯೆಂದು ಧಾರಾಳವಾಗಿ ಹೇಳಬಹುದು. ಆದರೆ ಗದ್ದೆಯ ಹಸಿ ಕೆಸರಿನಲ್ಲಿ ಹೆಜ್ಜೆ ಅಗಲವಾಗುತ್ತದೆ, ಮಧ್ಯಾಹ್ನಕ್ಕೆ ನೀರು ತುಂಬಿ ಇನ್ನಷ್ಟು ಅಗಲವಾಗುತ್ತದೆ, ಸಂಜೆ ನೋಡಿದವನಿಗೆ ಅದು ಆನೆಯ ಹೆಜ್ಜೆ.

ಗಾಬರಿಯಾದ ಹಂದಿ ಕತ್ತಿನಿಂದ ಬೆನ್ನಿನವರೆಗಿನ ಕರಿ ರೋಮವನ್ನು ನಿಮಿರಿಸುತ್ತದೆ. ನೋಡಿದವನ ರೋಮವೂ ನಿಮಿರಿರುತ್ತದೆ. ಎರಡೂ ಕಡೆಯ ರೋಮ ಸೇರಿ ಹಂದಿ ಒಂದು ಗೇಣು ಬೆಳೆಯುತ್ತದೆ.

ಕಳೆದ ಮಳೆಗಾಲದಲ್ಲಿ ಆಗುಂಬೆ ಕಡೆಯ ರಸ್ತೆಯಲ್ಲಿ ಲಾರಿಯೊಂದಕ್ಕೆ ಸಿಕ್ಕಿ ಒಂದು ಗಂಡು ಹಂದಿ ಸತ್ತಿತ್ತು. ನಿಜವಾಗಿಯೂ ಬಿದ್ದ ಹಂದಿ ನೋಡುವ ಭಾಗ್ಯ ಊರಿಗೆ ಅಪರೂಪ. ಐವತ್ತು ಜನ ಸೇರಿದರು. ಗುರಿಕಾರರು ಒಂದು ಸುತ್ತು ಬಂದು, ಚಪ್ಪಲಿಯ ತುದಿಯಿಂದ ಹೊಟ್ಟೆಯನ್ನು ಒತ್ತಿ, “ಒಂದೂಕಾಲು ಕ್ವಿಂಟಾಲ್” ಎಂದು ತೀರ್ಪು ಕೊಟ್ಟರು. ನನ್ನ ಅಳಿಯನಿಗೆ ಲೆಕ್ಕದ ಚಟ. ಪಕ್ಕದ ಅಂಗಡಿಯ ದರ್ಜಿಯಿಂದ ಟೇಪು ತಂದ. ಹಂದಿ ಸಾಕುವವರು ತಕ್ಕಡಿ ಇಲ್ಲದಾಗ ಬಳಸುವ ಒಂದು ಸೂತ್ರವಿದೆ: ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ಮೀಟರಿನಲ್ಲಿ, ಅದರ ವರ್ಗ. ಅದಕ್ಕೆ ಕಿವಿಯ ಬುಡದಿಂದ ಬಾಲದ ಬುಡದವರೆಗಿನ ಉದ್ದದ ಗುಣಾಕಾರ. ಬಂದದ್ದನ್ನು 69.3ರಿಂದ ಗುಣಿಸಿದರೆ ಸುಮಾರಾಗಿ ಕಿಲೋ. ಸುತ್ತಳತೆ 92 ಸೆಂಟಿಮೀಟರ್, ಉದ್ದ 112. ಮೊಬೈಲಿನಲ್ಲಿ ಲೆಕ್ಕ ಹಾಕಿ, “66 ಕಿಲೋ” ಎಂದ.

ಸಾವಿನ ಮನೆಯ ಮೌನ. ಮೊದಲು ಬಾಯಿ ಬಿಟ್ಟವರು, ಟೇಪು ರವಿಕೆ ಅಳೆಯುವಂಥದ್ದು, ಹಂದಿಗೆ ಆಗುವುದಿಲ್ಲ ಎಂದರು. ಇನ್ನೊಬ್ಬರು, ನೆತ್ತರು ಹೋಗಿದೆಯಲ್ಲ ಎಂದರು. ರಸ್ತೆಯ ಮೇಲೆ ನೆತ್ತರು ಒಂದು ಚೆಂಬಿನಷ್ಟೂ ಇರಲಿಲ್ಲ. ಮೂರನೆಯವರು, ಆ ಸೂತ್ರ ಸಾಕುಹಂದಿಯದು, ಕಾಡಿನದರ ಮಾಂಸ ಗಟ್ಟಿ ಎಂದರು. ಇದರಲ್ಲಿ ಅರ್ಧ ಸತ್ಯವಿದೆ. ಬಲಿತ ಗಂಡಿನ ಭುಜದ ಚರ್ಮ ಗುರಾಣಿಯಂತೆ ದಪ್ಪವಾಗಿರುತ್ತದೆ. ಆದರೆ ಅದರೊಳಗೆ ಅರವತ್ತು ಕಿಲೋ ಅಡಗಿಸಿಡಲು ಸಾಧ್ಯವಿಲ್ಲ. ಅಷ್ಟರಲ್ಲಿ ಇಲಾಖೆಯವರು ಬಂದು ಮಹಜರು ಬರೆದರು: ‘ಸಾಧಾರಣ ಗಾತ್ರದ ಗಂಡು ಕಾಡುಹಂದಿ.’ ಹಂದಿಯನ್ನು ಹೂಳಿದ್ದಕ್ಕಿಂತ ಹೆಚ್ಚು ನೋವು ಗುರಿಕಾರರಿಗೆ ಆ ‘ಸಾಧಾರಣ’ ಎಂಬ ಶಬ್ದದಿಂದ ಆಯಿತು. ಒಂದು ವಾರ ಗೂಡಂಗಡಿಗೆ ಬರಲಿಲ್ಲ. ಅಳಿಯ ಊರಿಗೆ ಬಂದಾಗಲೆಲ್ಲ ಈಗಲೂ ಜನ ಅವನನ್ನು ‘ದರ್ಜಿ’ ಎನ್ನುತ್ತಾರೆ.

ಗುರಿಕಾರರ ಪರವಾಗಿಯೂ ಎರಡು ಮಾತು ಹೇಳಬೇಕು, ಏಕೆಂದರೆ ಈ ರೋಗಕ್ಕೆ ಗಡಿ ಇಲ್ಲ. ಅಮೆರಿಕದ ಜಾರ್ಜಿಯಾದ ಅಲಪಾಹಾ ಎಂಬಲ್ಲಿ 2004ರಲ್ಲಿ ಒಂದು ಹಂದಿ ಬಿತ್ತು. ಅಲ್ಲಿಯವರು ಹೊಡೆದೆವು ಎಂದೇ ಹೇಳಿದರು, ಅವರಿಗೆ ಆ ಭಾಗ್ಯವಿದೆ. ಹನ್ನೆರಡು ಅಡಿ ಉದ್ದ, ಸಾವಿರ ಪೌಂಡ್, ಅಂದರೆ ನಾಲ್ಕೂವರೆ ಕ್ವಿಂಟಾಲ್. ಒಂದು ಫೋಟೋ ತೆಗೆದು ಹೂತುಬಿಟ್ಟರು. ಆಮೇಲೆ ತಜ್ಞರು ಬಂದು ಅಗೆದು ನೋಡಿದರೆ ಉದ್ದ ಸುಮಾರು ಎಂಟು ಅಡಿ, ತೂಕ ಎಂಟುನೂರು ಪೌಂಡಿನಷ್ಟು. ನಾಲ್ಕು ಅಡಿ ಹಂದಿ ಮಣ್ಣಿನಲ್ಲಿ ಕರಗಿತ್ತು. 2007ರಲ್ಲಿ ಅಲಬಾಮಾದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ 1,051 ಪೌಂಡಿನ ಕಾಡುಹಂದಿ ಹೊಡೆದನೆಂದು ಲೋಕವೆಲ್ಲ ಕೊಂಡಾಡಿತು. ಫೋಟೋದಲ್ಲಿ ಹಂದಿ ಎಮ್ಮೆಯಷ್ಟಿತ್ತು, ಹುಡುಗ ಅದರಿಂದ ಸಾಕಷ್ಟು ಹಿಂದೆ ಕುಳಿತಿದ್ದ. ಕೆಲವೇ ದಿನಗಳಲ್ಲಿ ಒಬ್ಬ ರೈತ ಬಾಯಿ ಬಿಟ್ಟ: ಅದು ಕಾಡುಹಂದಿಯಲ್ಲ, ತಾನು ಸಾಕಿ ಮಾರಿದ ಹಂದಿ, ಹೆಸರು ಫ್ರೆಡ್. ಮಲ್ಪೆಯಲ್ಲಿ ಅಂಜಲ್ ಮೀನು ಹಿಡಿದವನು ಎರಡೂ ಕೈಯನ್ನು ಕ್ಯಾಮೆರಾದ ಮೂಗಿಗೆ ಚಾಚಿ ನಿಲ್ಲುವುದನ್ನು ನೋಡಿದವರಿಗೆ ಈ ವಿದ್ಯೆಯನ್ನು ವಿವರಿಸಬೇಕಿಲ್ಲ.

ವ್ಯತ್ಯಾಸ ಇಷ್ಟೇ. ಅವರ ಹಂದಿಯನ್ನು ಅಗೆದು ಅಳೆಯಬಹುದಿತ್ತು. ನಮ್ಮದು ಹೊತ್ತು ಮೂಡುವ ಮೊದಲೇ ಸಾರಾಗಿರುತ್ತದೆ. ಫೋಟೋ ತೆಗೆದರೆ ಅದೇ ಸಾಕ್ಷಿ, ಆದ್ದರಿಂದ ಫೋಟೋ ಇಲ್ಲ. ಹಂದಿಯನ್ನು ಉಳಿಸಲೆಂದು ಬಂದ ಕಾನೂನು ಹಂದಿಯನ್ನು ಎಷ್ಟು ಉಳಿಸಿತೋ, ಅದರ ಅಳತೆಗೋಲನ್ನಂತೂ ಅಳಿಸಿತು. ತೂಕ ಕುಗ್ಗುವುದು ಒಂದೇ ಗಳಿಗೆಯಲ್ಲಿ, ಪಾಲು ಹಾಕುವಾಗ. ಒಂದೂವರೆ ಕ್ವಿಂಟಾಲಿನ ಹಂದಿ ಹನ್ನೆರಡು ಹಾಳೆಯ ಮೇಲೆ ತಲಾ ಎರಡೂವರೆ ಕಿಲೋ ಆಗಿ ಕುಳಿತಿರುತ್ತದೆ. ಮೂವತ್ತು ಕಿಲೋ ಆಯಿತು, ಉಳಿದ ನೂರಿಪ್ಪತ್ತು ಎಲ್ಲಿ ಎಂದರೆ, “ಕರುಳು, ಎಲುಬು, ನೆತ್ತರು.” ಸಾಕುಹಂದಿಯಲ್ಲಿ ಕರುಳು, ನೆತ್ತರು ಕಳೆದರೂ ಮುಕ್ಕಾಲು ಪಾಲಿನ ಹತ್ತಿರ ಉಳಿಯುತ್ತದೆ. ನಮ್ಮ ಕಾಡುಹಂದಿಯಲ್ಲಿ ಮುಕ್ಕಾಲು ಪಾಲು ಕರುಳೇ.

ಇದೇ ಹಂದಿ ಬೆಳೆಹಾನಿ ಪರಿಹಾರದ ಅರ್ಜಿಯೊಳಗೆ ಹೊಕ್ಕರೆ ಬೇರೆಯೇ ಪವಾಡ. ಅಲ್ಲಿ ತೂಕಕ್ಕೆ ಬೆಲೆಯಿಲ್ಲ, ಸಂಖ್ಯೆಗೆ ಬೆಲೆ. ನಿನ್ನೆ ಒಂಟಿ ಸಲಗವಾಗಿದ್ದದ್ದು ಇಂದು ನಲವತ್ತರ ಹಿಂಡು. ಪರಿಶೀಲನೆಗೆ ಬಂದವರ ಕಣ್ಣಿಗೆ ಅದು ಮತ್ತೆ ಕುಗ್ಗಿ, ಮುಳ್ಳುಹಂದಿಯೂ ಇರಬಹುದು ಎಂಬಲ್ಲಿಗೆ ನಿಲ್ಲುತ್ತದೆ. ನಡುವೆ ನಿಜವಾಗಿಯೂ ಒಂದು ರಾತ್ರಿಯಲ್ಲಿ ಮರಗೆಣಸು, ಸುವರ್ಣಗೆಡ್ಡೆ ಕಳೆದುಕೊಂಡವನು ಪಹಣಿ, ಫೋಟೋ ಹಿಡಿದು ಓಡಾಡುತ್ತಾನೆ. ಅವನ ಬೇಲಿಯ ಸುತ್ತ ಹಳೆಯ ಸೀರೆ, ಬೇಲಿಯ ಬುಡದಲ್ಲಿ ಕ್ಷೌರದಂಗಡಿಯಿಂದ ತಂದು ಚೆಲ್ಲಿದ ಕೂದಲು. ಅವನ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯೂ ಇದೆ. ಅದು 2023ರಲ್ಲಿ ವಿಧಾನಸಭೆ ಚುನಾವಣೆಗೆಂದು ಠಾಣೆಗೆ ಹೋಯಿತು, 2024ರಲ್ಲಿ ಲೋಕಸಭೆಗೆಂದು ಮತ್ತೆ ಹೋಯಿತು. ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ತಲಪಾಡಿ ದಾಟಿ ಕೇರಳಕ್ಕೆ ಹೋದರೆ, 2022ರಿಂದ ಅಲ್ಲಿ ಹಾವಳಿ ಮಾಡುವ ಹಂದಿಯನ್ನು ಕೊಲ್ಲಲು ಪಂಚಾಯತ್ ಅಧ್ಯಕ್ಷರೇ ಅಪ್ಪಣೆ ಕೊಡಬಹುದು, ಆದರೆ ಕೊಂದದ್ದನ್ನು ಹೂಳಬೇಕು, ತಿನ್ನುವಂತಿಲ್ಲ. ಇದನ್ನು ಕೇಳಿದ ಗುರಿಕಾರರು, ಮತ್ತೆ ಕೊಲ್ಲುವುದು ಯಾಕೆ ಎಂದು ಪ್ರಾಮಾಣಿಕವಾಗಿ ಕೇಳಿದರು.

ನೇಮದ ರಾತ್ರಿ ಹಂದಿಯ ರೂಪದ ದೈವ ಪಂಜುರ್ಲಿಯ ಮುಂದೆ ಬೆಳೆ ಕಾಯೆಂದು ಕೈಮುಗಿದು ನಿಲ್ಲುವವರೂ ನಾವೇ. ಆ ಒಂದು ರಾತ್ರಿ ಮಾತ್ರ ಊರಿನಲ್ಲಿ ಯಾರೂ ತೂಕದ ಮಾತೆತ್ತುವುದಿಲ್ಲ.

ಕಳೆದ ತಿಂಗಳು ನನಗೇ ಒಂದು ಕಂಡಿತು. ರಾತ್ರಿ ಒಂಬತ್ತೂವರೆ, ಸ್ಕೂಟರಿನ ಬೆಳಕಿಗೆ ಅಡ್ಡಲಾಗಿ, ಸರಿಯಾಗಿ ಕಿಲೋಮೀಟರ್ ಕಲ್ಲಿನ ಪಕ್ಕ ನಿಂತಿತ್ತು. ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೆ? ಬೆನ್ನು ಕಲ್ಲಿನ ಮೇಲೆ ಬರೆದ ಊರಿನ ಹೆಸರಿನವರೆಗೂ ಬಂದಿರಲಿಲ್ಲ. ಕೆಳಗಿನ ಕೋರೆ ತುಟಿಯಿಂದ ಎರಡು ಬೆರಳಷ್ಟು ಹೊರಗೆ, ಉಳಿದದ್ದು ದವಡೆಯೊಳಗೆ. ಹೆಚ್ಚೆಂದರೆ ಐವತ್ತೈದು ಕಿಲೋ. ಮೂಗಿನಿಂದ ಒಮ್ಮೆ ಬುಸ್ ಎಂದು ಚರಂಡಿ ಹಾರಿ ಹೋಯಿತು. ನಾನು ಮನೆಗೆ ಬಂದು ಕಿಲೋಮೀಟರ್ ಕಲ್ಲಿನ ಅಳತೆಯನ್ನು ಡೈರಿಯಲ್ಲಿ ಬರೆದಿಟ್ಟು ಮಲಗಿದೆ. ಮರುದಿನ ಗೂಡಂಗಡಿಯ ಬೆಂಚಿನಲ್ಲಿ ಕುಳಿತು ಸುದ್ದಿ ಹೇಳಿದೆ. ಎಂಟು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು.

“ಎಷ್ಟಿತ್ತು?”

“ಒಂದು ಕ್ವಿಂಟಾಲಿಗೆ ಕಡಿಮೆಯಿಲ್ಲ,” ಎಂದಿತು ನನ್ನ ಬಾಯಿ.

ಗುರಿಕಾರರು ಚಹಾದ ಗ್ಲಾಸು ಕೆಳಗಿಟ್ಟು, ಬೀಡಿಯ ಬೂದಿ ಕೊಡವಿದರು. “ಹಾಗಾದರೆ ಅದು ಮರಿ. ತಾಯಿ ಹಿಂದಿನಿಂದ ಬರುತ್ತಿತ್ತು, ನೀವು ನೋಡಲಿಲ್ಲ.”