ಸತ್ಯಾಂಶ: ಕಡಲ ಪಾಚಿ ಹಾಕಿದರೆ ಬಣ್ಣದ ನೀರು ಕುಡಿಯುವ ನೀರಾಗುತ್ತದೆಯೇ?

‘ಬಣ್ಣದ ನೀರಿಗೆ ಒಂದು ಹಿಡಿ ಕಡಲ ಪಾಚಿ ಹಾಕಿ, ಬಣ್ಣವನ್ನೆಲ್ಲ ತಿಂದು ಕುಡಿಯುವ ನೀರು ಮಾಡುತ್ತದೆ’ ಎಂಬ ಸಂದೇಶ ನೇಕಾರರ ಊರುಗಳಾದ ಇಳಕಲ್, ರಬಕವಿ-ಬನಹಟ್ಟಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ.

ಅರ್ಧ ನಿಜ. ಸರ್ಗಾಸಮ್‌ನಂಥ ಕಂದು ಪಾಚಿಯ ಒಣಪುಡಿ ಬಣ್ಣ ಹಿಡಿಯುವುದು ಪ್ರಯೋಗಾಲಯಗಳಲ್ಲಿ ಸಾಬೀತಾಗಿದೆ. ಆದರೆ ತಿನ್ನುವುದಿಲ್ಲ. ಅದರ ಕೋಶಗೋಡೆಯಲ್ಲಿರುವ ಆಲ್ಜಿನೇಟ್ ಎಂಬ ಪದಾರ್ಥಕ್ಕೆ ಋಣ ವಿದ್ಯುದಂಶವಿದೆ. ಮೆಥಿಲೀನ್ ಬ್ಲೂನಂಥ ಧನ ವಿದ್ಯುದಂಶದ ಬಣ್ಣ ಅದಕ್ಕೆ ಅಂಟಿಕೊಳ್ಳುತ್ತದೆ, ಅಷ್ಟೇ. ತೊಡಕಿರುವುದೂ ಇಲ್ಲೇ. ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳದ್ದೂ ಋಣ ವಿದ್ಯುದಂಶ. ಋಣ ಋಣವನ್ನು ದೂಡುವುದರಿಂದ ಪಾಚಿ ಅವನ್ನು ಸುಲಭಕ್ಕೆ ಹಿಡಿಯದು. ಹಿಡಿಸಬೇಕೆಂದರೆ ಆಮ್ಲ ಬೆರೆಸಿ ಪಿಎಚ್ ಅನ್ನು (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 2ರ ಆಸುಪಾಸಿಗೆ ಇಳಿಸಬೇಕಾಗುತ್ತದೆ. ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯಿಂದ ಹೊರಬರುವ ನೀರಾದರೋ ಸೋಡಾ ಬಿದ್ದು ಕ್ಷಾರವಾಗಿರುತ್ತದೆ. ಬಣ್ಣ ಕಚ್ಚಲೆಂದು ಸುರಿದ ಉಪ್ಪೂ ಅದರಲ್ಲೇ ಉಳಿಯುತ್ತದೆ. ತಿಳಿಯಾಗಿ ಕಂಡ ಆ ನೀರನ್ನೇ ಹೊಲಕ್ಕೆ ಬಿಡುತ್ತ ಹೋದರೆ ಭೂಮಿ ಸವಳಾಗುತ್ತದೆ.

ಬಣ್ಣ ಹಿಡಿದ ಪಾಚಿಯೂ ತ್ಯಾಜ್ಯವೇ. ಹಳ್ಳಕ್ಕೆ ಚೆಲ್ಲಿದರೆ ಬಣ್ಣ ಮತ್ತೆ ನೀರಿಗೆ ಬಿಟ್ಟುಕೊಳ್ಳಬಹುದು.

ಸಂಸ್ಕರಣಾ ಘಟಕದಲ್ಲಿ ಒಂದು ಹಂತವಾಗಿ ಪಾಚಿ ಬಳಕೆಗೆ ಬರಲಿ, ಅದು ನಮ್ಮ ನೇಕಾರರಿಗೂ ಬೇಕು. ಆದರೆ ನಿಮ್ಮ ಬೋರ್‌ವೆಲ್ ನೀರಿನ ಬಣ್ಣ ತಿರುಗಿದ್ದರೆ ಪಾಚಿ ಹಾಕಿ ಕುಡಿಯಬೇಡಿ; ಮೊದಲು ನೀರನ್ನು ಪರೀಕ್ಷೆಗೆ ಕೊಡಿ.