ಹೃದ್ರೋಗ ಬೇರೆ, ಆಯಸ್ಸು ಬೇರೆ
ಬಾದಾಮಿ, ಅಕ್ರೋಟ್ ತಿಂದರೆ ಆಯಸ್ಸು ಹೆಚ್ಚುತ್ತದೆಂದು ಮೆಡಿಟರೇನಿಯನ್ ಪ್ರದೇಶದ ಆಹಾರಕ್ರಮ ಹೃದ್ರೋಗ ತಡೆಯುತ್ತದೆಯೇ ಎಂದು ಪರೀಕ್ಷಿಸಿದ ಸ್ಪೇನಿನ ಪ್ರಿಡಿಮೆಡ್ ಅಧ್ಯಯನ ಸಾಬೀತುಪಡಿಸಿದೆ ಎಂಬ ಲೇಖನದ ಮಾತನ್ನು ಒಪ್ಪಲಾಗದು. 2013ರಲ್ಲಿ ಪ್ರಕಟವಾಗಿ, ಗುಂಪುಗಳ ವಿಂಗಡಣೆಯಲ್ಲಿದ್ದ ಲೋಪಗಳಿಂದಾಗಿ ಹಿಂಪಡೆಯಲ್ಪಟ್ಟು, 2018ರಲ್ಲಿ ಮರುವಿಶ್ಲೇಷಣೆಯೊಂದಿಗೆ ಮತ್ತೆ ಪ್ರಕಟವಾದ ಆ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳನ್ನು ಒಟ್ಟಾಗಿ ಎಣಿಸಿದಾಗ ಸುಮಾರು ಶೇ 30ರಷ್ಟು ಇಳಿಕೆ ಕಂಡದ್ದು ನಿಜ. ಆದರೆ ಅದು ಮುಖ್ಯವಾಗಿ ಪಾರ್ಶ್ವವಾಯುವಿನ ಇಳಿಕೆ, ಒಟ್ಟು ಸಾವುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬೀಜಗಳನ್ನು ಕೊಟ್ಟದ್ದು ದಿನಕ್ಕೆ 30 ಗ್ರಾಂ, ಅಂದರೆ ಒಂದು ಹಿಡಿಯಷ್ಟೇ. ಬೈಪಾಸ್ ಆಗಿದ್ದ ನಮ್ಮ ತಂದೆಯವರು ಇಂಥದ್ದೇ ಲೇಖನವೊಂದನ್ನು ನಂಬಿ, ಎಣ್ಣೆಯಲ್ಲಿ ಹುರಿದು ಉಪ್ಪು-ಖಾರ ಸವರಿದ ಗೋಡಂಬಿಯ ಪೊಟ್ಟಣವನ್ನು ನಿತ್ಯ ಸಂಜೆ ಮುಗಿಸುತ್ತಿದ್ದರು. ರಕ್ತದೊತ್ತಡ ಏರಿದ ಮೇಲೆಯೇ ನಮಗದು ತಿಳಿದದ್ದು. ಯಾವ ಬೀಜ, ಎಷ್ಟು, ಯಾವ ತಿಂಡಿಯ ಬದಲಿಗೆ ಎಂಬುದನ್ನು ಲೇಖಕರು ಸ್ಪಷ್ಟವಾಗಿ ಬರೆಯಬೇಕಿತ್ತು.